ಹದಿನೆಂಟು ತುಂಬಿದವನು ಎಲ್ಲಿ ಮಲಗಬೇಕು?

‘ರಾತ್ರಿ ತಂಗುದಾಣ’ ಎಂಬ ಹೆಸರಿನಲ್ಲಿಯೇ ಒಂದು ಮೋಸವಿದೆ. ರಾತ್ರಿ ಎಂದರೆ ಯಾರ ರಾತ್ರಿ? ಎಂಟಕ್ಕೆ ಊಟ ಮುಗಿಸಿ, ಹತ್ತಕ್ಕೆ ಬಾಗಿಲಿಗೆ ಅಗಳಿ ಹಾಕಿ, ದೀಪವಾರಿಸಿ ಮಲಗುವ ಸದ್ಗೃಹಸ್ಥರ ರಾತ್ರಿಯೊಂದೇ ರಾತ್ರಿಯೆಂದು ತಿಳಿದವರು ಈ ಹೆಸರಿಟ್ಟಿರಬೇಕು. ಬೆಂಗಳೂರಿನಲ್ಲಿ ಮನೆಯಿಲ್ಲದ ಹುಡುಗನ ರಾತ್ರಿಗೆ ಇಂಥ ಅಚ್ಚುಕಟ್ಟಿಲ್ಲ. ಕಲ್ಯಾಣಮಂಟಪದಲ್ಲಿ ಆರತಕ್ಷತೆಯ ಕಡೆಯ ಪಂಕ್ತಿ ಎದ್ದು, ಎಂಜಲೆಲೆ ತೆಗೆದು, ಮೇಜು ಒರೆಸಿ, ಹಂಡೆ ಕೊಳಗಗಳನ್ನು ತೊಳೆದು ಗಾಡಿಗೆ ಏರಿಸುವ ವೇಳೆಗೆ ಹನ್ನೆರಡು ದಾಟಿರುತ್ತದೆ. ಮೇಸ್ತ್ರಿ ಕೂಲಿ ಎಣಿಸಿ ಕೊಟ್ಟು, ಬಡಿಸಿದ ಹುಡುಗ ಮೆಜೆಸ್ಟಿಕ್ಕಿನ ಕಡೆಗೆ ಹೆಜ್ಜೆ ಹಾಕುವಾಗ ಒಂದೂವರೆ. ಕೃಷ್ಣರಾಜೇಂದ್ರ ಮಾರುಕಟ್ಟೆಗೆ ತರಕಾರಿಯ ಲಾರಿಗಳು ಬರುವುದೇ ನಡುರಾತ್ರಿ ಕಳೆದ ಮೇಲೆ; ಮೂಟೆ ಇಳಿಸುವವನು ಆಗ ಎದ್ದು ಹೊರಡಬೇಕು. ಹೂವಿನ ಬುಟ್ಟಿ ಹೊರುವವನಿಗೆ ನಾಲ್ಕು ಗಂಟೆಯೆಂದರೆ ಹೊತ್ತು ಮೀರಿದಂತೆ. ಇಂಥವರಿಗೆಂದು ತಂಗುದಾಣ ಮಾಡಿ, ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ, ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಹೊರಗೆ ಕಳಿಸುವುದೆಂದರೆ, ಮೀನಿಗೆಂದು ಮರದ ಮೇಲೆ ಗೂಡು ಕಟ್ಟಿದಂತೆ.

ನಾನು ಇಂಥದೊಂದು ತಂಗುದಾಣದ ಮೇಲ್ವಿಚಾರಕ. ಐವತ್ತು ಹಾಸಿಗೆ, ಎರಡು ಕೋಣೆ, ಒಂದು ಪಡಸಾಲೆ. ಬರುವವರಲ್ಲಿ ಹೆಚ್ಚಿನವರು ಹದಿನೆಂಟು ದಾಟಿ ಇಪ್ಪತ್ತೈದು ಮುಟ್ಟದ ಹುಡುಗರು. ಈಚೆಗೆ ನಮ್ಮ ಮೇಲಿನ ಕಚೇರಿಯಿಂದ ಒಂದು ಟಿಪ್ಪಣಿ ಬಂದಿತು. ಹಾಜರಿ ಪುಸ್ತಕವನ್ನು ಪರಿಶೀಲಿಸಲಾಗಿ ಅರ್ಧಕ್ಕೂ ಮೇಲೆ ಹಾಸಿಗೆಗಳು ಖಾಲಿಯಿರುವುದು ಕಂಡುಬಂದಿದೆ. ಆದುದರಿಂದ ಈ ಕೇಂದ್ರದ ಅಗತ್ಯವನ್ನು ಪುನರ್ವಿಮರ್ಶಿಸತಕ್ಕದ್ದು ಎಂಬುದು ಅದರ ಸಾರ. ಹಾಜರಿಯನ್ನು ರಾತ್ರಿ ಹತ್ತಕ್ಕೆ ತೆಗೆಯಬೇಕೆಂದು ಆಜ್ಞೆ ಮಾಡಿದ್ದು ಇದೇ ಕಚೇರಿ. ಹತ್ತಕ್ಕೆ ಅರ್ಧ ಹಾಸಿಗೆ ತುಂಬಿರುವುದಿಲ್ಲ, ನಿಜ. ಮೂರಕ್ಕೆ ಬಂದು ನೋಡಿದರೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಏಕೆಂದರೆ ನಾನು ಬಾಗಿಲು ಹಾಕುವುದಿಲ್ಲ. ಸೂರ್ಯ ಮುಳುಗುವ ಮೊದಲೇ ತಲೆಯೆತ್ತಿ ನೋಡಿ, ಆಕಾಶದಲ್ಲಿ ನಕ್ಷತ್ರಗಳಿಲ್ಲ ಎಂದು ವರದಿ ಬರೆದವರನ್ನು ಏನೆನ್ನಬೇಕು? ಬಾಗಿಲು ಹಾಕುವ ತಂಗುದಾಣಗಳ ಪಾಡಂತೂ ಇನ್ನೂ ವಿಚಿತ್ರ. ಬಾಗಿಲು ಹಾಕುತ್ತಾರೆ, ಆದುದರಿಂದ ಹುಡುಗರು ಬರುವುದಿಲ್ಲ. ಹುಡುಗರು ಬರುವುದಿಲ್ಲ, ಆದುದರಿಂದ ತಂಗುದಾಣ ಬೇಡ. ತಂಗುದಾಣವಿಲ್ಲ, ಆದುದರಿಂದ ಹುಡುಗರು ಬೀದಿಯಲ್ಲಿದ್ದಾರೆ. ಬೀದಿಯಲ್ಲಿದ್ದಾರೆ, ಆದುದರಿಂದ ಅವರು ಪೋಕರಿಗಳು. ಈ ತರ್ಕದ ಚಕ್ರ ಎಲ್ಲಿಯೂ ಕಿರುಗುಟ್ಟದೆ ತಿರುಗುತ್ತದೆ. ಎಣ್ಣೆ ಹಾಕುವವರು ಬಹಳ ಮಂದಿ.

ಹೊತ್ತಲ್ಲದ ಹೊತ್ತಿನಲ್ಲಿ ಎಣಿಸುವ ಈ ಚಾಳಿ ಕೇವಲ ನಮ್ಮ ಕಚೇರಿಯದಲ್ಲ. 2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಒಂದೇ ರಾತ್ರಿ, ಫೆಬ್ರುವರಿ 28ರಂದು. ದೇಶದಲ್ಲೆಲ್ಲಾ 17 ಲಕ್ಷ 70 ಸಾವಿರಕ್ಕೂ ಮೇಲೆ, ಕರ್ನಾಟಕದಲ್ಲಿ 76,000ಕ್ಕೂ ಮೇಲೆ ಎಂದು ಲೆಕ್ಕ ಸಿಕ್ಕಿತು. ಪಾದಚಾರಿ ರಸ್ತೆಯ ಮೇಲೆ, ಸೇತುವೆಯ ಕೆಳಗೆ, ದೇವಸ್ಥಾನದ ಜಗುಲಿಯ ಮೇಲೆ ಅಂದು ಕಂಡವರು ಲೆಕ್ಕಕ್ಕೆ ಬಂದರು. ಆ ರಾತ್ರಿ ಹೋಟೆಲಿನ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದವನು, ಲಾರಿಯ ಮೂಟೆಗಳ ಮೇಲೆ ತೂಕಡಿಸುತ್ತಾ ಯಾವುದೋ ಹೆದ್ದಾರಿಯಲ್ಲಿದ್ದ ಕ್ಲೀನರು, ಇವರು ಯಾರ ಲೆಕ್ಕಕ್ಕೆ ಬಂದರು?

ಹತ್ತು ಗಂಟೆಯ ಕಟ್ಟಳೆ ಎಲ್ಲಿ ಹುಟ್ಟಿತೆಂದು ಹುಡುಕಹೊರಟರೆ ಅದು ಕಾನೂನಿನಲ್ಲಿ ಸಿಗುವುದಿಲ್ಲ. ಕಾನೂನು ಹೇಳುವುದು ಇದಕ್ಕೆ ವಿರುದ್ಧವಾದ ಮಾತು. 2009ರ ಡಿಸೆಂಬರಿನ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯಲ್ಲಿದ್ದ ತಾತ್ಕಾಲಿಕ ತಂಗುದಾಣವೊಂದನ್ನು ಕಿತ್ತುಹಾಕಿದರು. ಆ ಸಂಗತಿ 2010ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. 2001ರಿಂದ ನಡೆಯುತ್ತಿದ್ದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿಯೇ ಅದರ ವಿಚಾರಣೆಯಾಯಿತು. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ನೂರು ಜನರು ತಂಗುವಷ್ಟು ಸ್ಥಳವಿರಬೇಕೆಂಬ ಲೆಕ್ಕ ಬಂದದ್ದು ಅಲ್ಲಿಂದ. 2013ರಲ್ಲಿ ನಗರ ಜೀವನೋಪಾಯ ಅಭಿಯಾನದ ಅಡಿಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿ ಅದನ್ನೇ ಮುಂದುವರಿಸಿ, ತಂಗುದಾಣವೆಂದರೆ ವರ್ಷವಿಡೀ, ಹಗಲೂ ರಾತ್ರಿಯೂ ತೆರೆದಿರುವ ಶಾಶ್ವತವಾದ ಕಟ್ಟಡ ಎಂದು ಹೇಳಿತು. ತಲೆಗೆ ಐವತ್ತು ಚದರಡಿ ಎಂದಿತು. ಒಬ್ಬ ಮೇಲ್ವಿಚಾರಕ, ಎಂಟು ಗಂಟೆಯ ಪಾಳಿಯಂತೆ ಮೂವರು ನೋಡಿಕೊಳ್ಳುವವರು ಎಂದಿತು. ಮೂರು ಪಾಳಿಗೆ ಮೂವರನ್ನು ಕೊಟ್ಟದ್ದು ಏತಕ್ಕೆ? ಮುಚ್ಚಿದ ಬಾಗಿಲನ್ನು ಒಳಗಿನಿಂದ ಕಾಯುವುದಕ್ಕೇ? 2011ರಲ್ಲಿ ಬೆಂಗಳೂರು ಪಾಲಿಕೆಯ ಎಲ್ಲೆಯೊಳಗೆ 84 ಲಕ್ಷ ಜನರಿದ್ದರು. ಆ ಲೆಕ್ಕದಲ್ಲಿ 84 ತಂಗುದಾಣ ಬೇಕಾಗುತ್ತದೆ, ಅದೂ ನಗರ ಇಷ್ಟು ಬೆಳೆಯುವ ಮೊದಲಿನ ಮಾತು. ನಿಮ್ಮ ಬಡಾವಣೆಯಲ್ಲಿ ಇಂಥ ಕಟ್ಟಡ ಎಲ್ಲಿದೆ ಎಂದು ಓದುಗರು ತಮ್ಮನ್ನು ತಾವೇ ಒಮ್ಮೆ ಕೇಳಿಕೊಳ್ಳಲಿ. ಬಡಾವಣೆಯ ಪಾರ್ಕು ಗೊತ್ತಿರುತ್ತದೆ, ಹಾಲಿನ ಬೂತು ಗೊತ್ತಿರುತ್ತದೆ.

ಇನ್ನು ಹದಿನೆಂಟರ ಮಾತು. ಹದಿನೇಳು ವರ್ಷ ಹನ್ನೊಂದು ತಿಂಗಳಿನ ಹುಡುಗನೊಬ್ಬ ಮಧ್ಯರಾತ್ರಿ ನನ್ನ ಬಾಗಿಲಿಗೆ ಬಂದರೆ, 2015ರ ಬಾಲನ್ಯಾಯ ಕಾಯಿದೆ ಅವನ ಬೆನ್ನಿಗೆ ನಿಲ್ಲುತ್ತದೆ. ಅವನು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು. ಇಪ್ಪತ್ತನಾಲ್ಕು ಗಂಟೆಯೊಳಗೆ ಅವನ ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ಮುಟ್ಟಬೇಕು. ಮುಟ್ಟಿಸದೆ ಬಚ್ಚಿಟ್ಟರೆ ನನಗೆ ಆರು ತಿಂಗಳ ಸೆರೆ, ಇಲ್ಲವೆ ಹತ್ತು ಸಾವಿರ ದಂಡ, ಇಲ್ಲವೆ ಎರಡೂ. ಒಳ್ಳೆಯ ಕಾಯಿದೆ, ನನಗೆ ಅದರ ಮೇಲೆ ಜಗಳವಿಲ್ಲ. ಮೀಸೆ ಚಿಗುರದವನು ‘ಇಪ್ಪತ್ತಾಯ್ತು ಸಾರ್’ ಎಂದು ಎದೆಯುಬ್ಬಿಸಿ ನಿಂತಾಗ ನಾನು ಅವನಿಗೆ ಅನ್ನ ಹಾಕಿಸಿ, 1098ಕ್ಕೆ ಕರೆ ಮಾಡುತ್ತೇನೆ. ಅವನು ನನ್ನ ವಂಶವನ್ನೆಲ್ಲಾ ಶಪಿಸುತ್ತಾನೆ. ಶಪಿಸಲಿ.

ಆದರೆ ಅದೇ ಹುಡುಗ ಒಂದು ತಿಂಗಳು ತಡೆದು ಬಂದನೆನ್ನಿ. ಈಗ ಅವನು ಗಂಡಸು. ಅವನ ಪಕ್ಕದ ಹಾಸಿಗೆಯಲ್ಲಿ ನಲವತ್ತೈದರ ಕುಡುಕನಿದ್ದರೂ, ಜೈಲಿನಿಂದ ನೆಟ್ಟಗೆ ಬಂದವನಿದ್ದರೂ ಯಾರೂ ಕೇಳುವಂತಿಲ್ಲ. ಒಂದು ಮಧ್ಯರಾತ್ರಿಯ ಈ ಕಡೆ ಮಗು, ಆ ಕಡೆ ಪ್ರಾಪ್ತವಯಸ್ಕ. ನಮ್ಮ ಮನೆಗಳಲ್ಲಿ ಹದಿನೆಂಟರ ಹುಡುಗ ಏನು ಮಾಡುತ್ತಾನೆ? ತಾಯಿ ಎಬ್ಬಿಸುವವರೆಗೂ ಏಳುವುದಿಲ್ಲ. ಕಾಲೇಜಿನ ಶುಲ್ಕಕ್ಕೆ ಅಪ್ಪನ ಮುಂದೆ ನಿಲ್ಲುತ್ತಾನೆ. ಇಪ್ಪತ್ತಾರು ಇಪ್ಪತ್ತೇಳರವರೆಗೂ ಮನೆಯ ಅನ್ನ ತಿನ್ನುತ್ತಾನೆ. ಯಾರೂ ಅವನನ್ನು ಸೋಮಾರಿಯೆನ್ನುವುದಿಲ್ಲ, ‘ಇನ್ನೂ ಓದ್ತಾ ಇದಾನೆ’ ಎನ್ನುತ್ತಾರೆ. ಬಾಲಮಂದಿರದಿಂದ ಹೊರಬಂದವನಿಗೆ ಮಾತ್ರ ಹುಟ್ಟುಹಬ್ಬದ ಉಡುಗೊರೆಯೆಂದರೆ ಒಂದು ಟ್ರಂಕು, ಒಂದು ಪ್ರಮಾಣಪತ್ರ, ಒಂದು ಬಸ್ ನಿಲ್ದಾಣ.

ಹಾಗಲ್ಲ, ಅನುಪಾಲನೆಯ ಏರ್ಪಾಡಿದೆ ಎಂದು ಕಾಯಿದೆ ಬಲ್ಲವರು ನನ್ನನ್ನು ತಿದ್ದಲು ಬರುತ್ತಾರೆ. ಇದೆ. ಕಾಯಿದೆಯ 46ನೆಯ ಕಲಮಿನಲ್ಲಿದೆ. ಸಂಸ್ಥೆಯಿಂದ ಹದಿನೆಂಟಕ್ಕೆ ಹೊರಬೀಳುವವನಿಗೆ ನೆರವು ಕೊಡಬಹುದು. ಇಪ್ಪತ್ತೊಂದರವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ. ‘ಮಿಷನ್ ವಾತ್ಸಲ್ಯ’ದಲ್ಲಿ ಅದಕ್ಕೆ ತಿಂಗಳಿಗೆ 4,000 ರೂಪಾಯಿಯೆಂದು ಗೊತ್ತುಮಾಡಿದ್ದಾರೆ. ಎರಡು ಮಾತುಗಳನ್ನು ಗಮನಿಸಬೇಕು. ಒಂದು, ‘ಕೊಡಬಹುದು’; ಕೊಡತಕ್ಕದ್ದು ಎಂದಲ್ಲ. ಇನ್ನೊಂದು, ‘ಸಂಸ್ಥೆಯಿಂದ ಹೊರಬೀಳುವವನಿಗೆ’. ಹತ್ತನೆಯ ವರ್ಷದಲ್ಲಿ ರೈಲು ಹತ್ತಿ ಬಂದು, ಎಂಟು ವರ್ಷ ಯಾರ ಕೈಗೂ ಸಿಗದೆ, ಬಾಟಲಿ ಆಯ್ದು, ಲೋಟ ತೊಳೆದು, ತನ್ನನ್ನು ತಾನೇ ಸಾಕಿಕೊಂಡು ಹದಿನೆಂಟು ಮುಟ್ಟಿದವನಿಗೆ ಈ ಕಲಮಿನಲ್ಲಿ ಒಂದು ಅಕ್ಷರವೂ ಇಲ್ಲ. ಸರಕಾರಕ್ಕೆ ಎಂಟು ವರ್ಷ ಒಂದು ಕಾಸಿನ ಖರ್ಚನ್ನೂ ತಾರದಿದ್ದುದೇ ಅವನ ಅನರ್ಹತೆ!

‘ಊರಿಗೆ ಕಳಿಸಿಬಿಡಿ’ ಎನ್ನುವವರ ಪಂಗಡ ಇನ್ನೊಂದು. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಹೇಳುವವರ ಬಾಯಿ ತೆರೆಯುವ ಮೊದಲೇ ಗುರುತು ಹಿಡಿಯಬಲ್ಲೆ. ಬಹಳ ಸಜ್ಜನರು, ಕಳಿಸುವ ಬಸ್ ಚಾರ್ಜನ್ನೂ ಕೊಡುವೆವೆನ್ನುತ್ತಾರೆ. ಸಿಂಧನೂರಿನ ಕಡೆಯ ಹುಡುಗನೊಬ್ಬನಿಗೆ ಹೀಗೆಯೇ ಒಬ್ಬ ಹಿರಿಯರು ನೋಟು ಹಿಡಿದು ಉಪದೇಶ ಮಾಡಿದರು. ಅವನು ನೋಟನ್ನು ಮುಟ್ಟದೆ ಕೇಳಿದ: ‘ಯಾ ಮನಿಗೆ ಹೋಗ್ಲಿರೀ? ಅಪ್ಪನ ಮನಿಗೋ, ಅವ್ವನ ಮನಿಗೋ?’ ಅಪ್ಪ ಬೇರೊಬ್ಬಳನ್ನು ಕಟ್ಟಿಕೊಂಡಿದ್ದಾನೆ, ಅವ್ವನಿಗೆ ಬೇರೊಂದು ಸಂಸಾರವಾಗಿದೆ. ಎರಡು ಮನೆಗಳಲ್ಲಿಯೂ ಇವನು ಹೊರಗಿನ ಬಾಯಿ. ಇನ್ನೊಬ್ಬನ ಬೆನ್ನಿನ ಮೇಲೆ ಬೆಲ್ಟಿನ ಬಕಲಿನ ಗುರುತು ಇಂದಿಗೂ ಇದೆ. ಮತ್ತೊಬ್ಬನ ನಡೆನುಡಿಯಲ್ಲಿ ಹೆಣ್ಣಿನ ಸೊಗಸಿದೆ. ಅಣ್ಣಂದಿರು ಸೇರಿ ಅವನನ್ನು ಊರಾಚೆ ಬಿಟ್ಟುಬಂದರು. ಬೇರೆ ಜಾತಿಯ ಹುಡುಗಿಗೆ ಕಾಗದ ಬರೆದನೆಂದು ಪ್ರಾಣದ ಮೇಲೆ ಬಂದವನೂ ಒಬ್ಬನಿದ್ದಾನೆ. ಊರು ಎಂದರೆ ಎಲ್ಲರಿಗೂ ಹೊಂಗೆಯ ನೆರಳು ಮತ್ತು ಅಜ್ಜಿಯ ರೊಟ್ಟಿಯಲ್ಲ. ಕಳಿಸಬಹುದಾದವರನ್ನು ನಾವು ಕಳಿಸಿಯೇ ಇದ್ದೇವೆ. ತಾಯಿ ಬಂದು ಕೆನ್ನೆಗೆರಡು ಬಿಟ್ಟು, ಅತ್ತು, ಕೈಹಿಡಿದು ಕರೆದುಕೊಂಡು ಹೋದದ್ದುಂಟು. ಉಳಿದವರು ಉಳಿದದ್ದಕ್ಕೆ ಕಾರಣಗಳಿವೆ. ಹತ್ತು ನಿಮಿಷದ ಪರಿಚಯದಲ್ಲಿ ಆ ಕಾರಣಗಳು ಯಾರಿಗೂ ಕಾಣುವುದಿಲ್ಲ.

ಹುಡುಗಿಯರ ಮಾತನ್ನು ನಾನು ಇಲ್ಲಿ ಎತ್ತುತ್ತಿಲ್ಲ. ಅವರ ತಂಗುದಾಣಗಳ ಕಥೆಯೇ ಬೇರೆ. ಅದನ್ನು ನಡೆಸುವ ಹೆಂಗಸರು ಬರೆದರೆ ಈ ಪುಟಕ್ಕೇ ಬೆಂಕಿ ಹತ್ತಬಹುದು.

ಈಗ ಬಿಟ್ಟಿ ಹಾಸಿಗೆಯ ವಾದಕ್ಕೆ ಬರೋಣ. ಹಾಸಿಗೆ ಬಿಟ್ಟಿ ಕೊಟ್ಟರೆ ದುಡಿಯುವ ಬುದ್ಧಿ ಹೋಗುತ್ತದಂತೆ. ಲೆಕ್ಕ ಹಾಕಿಯೇ ಮಾತಾಡೋಣ. ಬಡಿಸುವ ಕೆಲಸಕ್ಕೆ ಹೋದವನಿಗೆ ಒಂದು ರಾತ್ರಿಗೆ ಐನೂರೋ ಆರುನೂರೋ ಸಿಗುತ್ತದೆ. ಆದರೆ ಮದುವೆಗಳು ದಿನವೂ ಇರುವುದಿಲ್ಲ. ಆಷಾಢದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ. (ನನ್ನ ಹುಡುಗರಲ್ಲಿ ಪಂಚಾಂಗ ಓದಲು ಬಾರದವರೂ ಲಗ್ನದ ದಿನಗಳನ್ನು ಪುರೋಹಿತರಿಗಿಂತ ಚೆನ್ನಾಗಿ ಬಲ್ಲರು.) ಆಷಾಢವೆಂದರೆ ಮಳೆಗಾಲವೂ ಹೌದು, ಕೂಲಿಯಿಲ್ಲದ ದಿನವೂ ನೆಲ ಒದ್ದೆಯಾದ ದಿನವೂ ಒಂದೇ ಆಗಿ ಬರುತ್ತವೆ. ಇಂಥವನು ಒಂದು ಸಣ್ಣ ಕೋಣೆ ಹಿಡಿಯಬೇಕೆಂದರೆ, ತಿಂಗಳಿಗೆ ಐದು ಸಾವಿರ ಬಾಡಿಗೆಯೆಂದು ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಹಳೆಯ ಪದ್ಧತಿ. 2021ರ ಮಾದರಿ ಬಾಡಿಗೆ ಕಾಯಿದೆ ಎರಡು ತಿಂಗಳು ಸಾಕೆಂದಿತು. ಮನೆಯ ಯಜಮಾನರ ಬಾಯಲ್ಲಿ ಇನ್ನೂ ಆರು, ಹತ್ತು ಎಂಬ ಮಾತೇ ಕೇಳುತ್ತದೆ. ಹತ್ತು ತಿಂಗಳೆಂದರೆ ಐವತ್ತು ಸಾವಿರ. ಐವತ್ತು ಸಾವಿರವನ್ನು ಪಾದಚಾರಿ ರಸ್ತೆಯ ಮೇಲೆ ಮಲಗಿ ಹೇಗೆ ಕೂಡಿಡುವುದು? ದುಡ್ಡನ್ನು ಎಲ್ಲಿ ಇಡುವುದು? ಬೆಳಗಿನ ಜಾವದ ನಿದ್ದೆಯಲ್ಲಿ ಬ್ಲೇಡು ಹಾಕಿ ಜೇಬು ಕೊಯ್ಯುವವರು ಬಡವನೆಂದು ಕರುಣೆ ತೋರಿಸುವುದಿಲ್ಲ. ಹುಡುಗ ಬೀದಿಯಲ್ಲಿದ್ದಷ್ಟು ದಿನ ಕೂಲಿಯನ್ನು ಅಂದಂದೇ ಖರ್ಚು ಮಾಡುತ್ತಾನೆ, ಸಿನಿಮಾ ನೋಡುತ್ತಾನೆ, ಬಿರಿಯಾನಿ ತಿನ್ನುತ್ತಾನೆ. ಇದನ್ನು ದುಂದು ಎನ್ನುತ್ತಾರೆ. ನಾಳೆ ಕಳುವಾಗುವ ದುಡ್ಡನ್ನು ಇಂದೇ ತಿನ್ನುವುದು ಲೆಕ್ಕ ಬಲ್ಲವನ ಕೆಲಸ.

ನನ್ನ ತಂಗುದಾಣಕ್ಕೆ ಒಬ್ಬ ದಾನಿಗಳು ಗೋಡೆಗೆ ದೇವರ ಪಟಗಳನ್ನು ಕೊಡಲು ಬಂದರು. ದೇವರು ಇರಲಿ, ಬೀಗವಿರುವ ಪೆಟ್ಟಿಗೆಗಳನ್ನು ಮಾಡಿಸಿಕೊಡಿ ಎಂದು ಕೇಳಿಕೊಂಡೆ. ಪುಣ್ಯಾತ್ಮರು ಮಾಡಿಸಿಕೊಟ್ಟರು. ಪೆಟ್ಟಿಗೆ ಬಂದ ಮೇಲೆ ಹುಡುಗರಲ್ಲಿ ಆದ ಬದಲಾವಣೆಯನ್ನು ಯಾವ ನೀತಿಬೋಧೆಯೂ ಮಾಡಿರಲಿಲ್ಲ. ಮೊದಲು ಪೆಟ್ಟಿಗೆಯೊಳಗೆ ಚಪ್ಪಲಿ ಸೇರಿತು. ಆಮೇಲೆ ಇಸ್ತ್ರಿ ಮಾಡಿದ ಒಂದು ಅಂಗಿ. ಆಮೇಲೆ ಬ್ಯಾಂಕಿನ ಪುಸ್ತಕ.

ಮೊಬೈಲಿನ ವಿಷಯವೂ ಇದಕ್ಕೆ ಸೇರಿದ್ದೇ. ‘ಮಲಗಲು ಮನೆಯಿಲ್ಲ, ಕೈಯಲ್ಲಿ ಮೊಬೈಲು ನೋಡಿ!’ ಎಂದು ನಗುವವರಿದ್ದಾರೆ. ಮೇಸ್ತ್ರಿ ಕೆಲಸಕ್ಕೆ ಕರೆಯುವುದು ಆ ಮೊಬೈಲಿಗೆ. ಅದು ಹೋಯಿತೆಂದರೆ ನಂಬರು ಹೋಯಿತು, ನಂಬರು ಹೋದರೆ ಕೆಲಸ ಹೋಯಿತು. ಹೊಸ ಸಿಮ್ಮಿಗೆ ಆಧಾರ್ ಕೇಳುತ್ತಾರೆ. ಆಧಾರಿನ ಪ್ರತಿ ತೆಗೆಯಹೋದರೆ, ಕಳೆದುಹೋದ ಅದೇ ಮೊಬೈಲಿಗೆ ಬಂದ ಗುಪ್ತ ಅಂಕಿ ಹೇಳು ಎನ್ನುತ್ತಾರೆ. ಬೆರಳಚ್ಚು ಕೊಟ್ಟು ತೆಗೆಯುವ ದಾರಿಯುಂಟು. ಅದಕ್ಕೆ ಸರತಿಯಲ್ಲಿ ನಿಂತು ಒಂದು ದಿನದ ಕೂಲಿ ಬಿಡಬೇಕು. ವಿಳಾಸವೇ ಇಲ್ಲದವನಿಗೆ ಮಾನ್ಯತೆ ಪಡೆದ ಆಶ್ರಯಕೇಂದ್ರದ ಮುಖ್ಯಸ್ಥರು ಗೊತ್ತಾದ ನಮೂನೆಯಲ್ಲಿ ಪ್ರಮಾಣಪತ್ರ ಕೊಟ್ಟರೆ ಆಧಾರಿಗೆ ಅದು ನಡೆಯುತ್ತದೆ. ಆದರೆ ನನ್ನ ವೃತ್ತಿಬಾಂಧವರಲ್ಲಿ ಕೆಲವರು ಆ ಕಾಗದ ಕಂಡರೆ ಚೇಳು ಕಂಡಂತೆ ಹಿಂಜರಿಯುತ್ತಾರೆ. ನಾಳೆ ಆ ಹುಡುಗ ಏನಾದರೂ ಮಾಡಿದರೆ? ಸಹಿ ಮಾಡಿದವರನ್ನು ಕರೆಯುವುದಿಲ್ಲವೇ? ಮಹನೀಯರೇ, ನೀವು ಸಹಿ ಮಾಡುವುದು ಅವನ ಶೀಲಕ್ಕಲ್ಲ. ಅವನು ನಿಮ್ಮಲ್ಲಿ ಮಲಗುತ್ತಾನೆ ಎಂಬ ಸಂಗತಿಗೆ. ಅದು ನಿಜವಾದ ಸಂಗತಿಯೇ ಅಲ್ಲವೆ? ನಿಜಕ್ಕೆ ಸಹಿ ಮಾಡಲು ಅಂಜುವವರು ಸಂಬಳದ ಪುಸ್ತಕಕ್ಕೆ ಮಾತ್ರ ಇಷ್ಟು ಧೈರ್ಯದಿಂದ ಸಹಿ ಮಾಡುವುದೇಕೆ?

ಬಾಗಿಲು ತೆರೆದಿಟ್ಟರೆ ಕಳ್ಳರು ಬರುತ್ತಾರೆ, ಗಾಂಜಾ ಬರುತ್ತದೆ ಎಂಬುದು ನೆರೆಹೊರೆಯವರ ಆಕ್ಷೇಪಣೆ. ಇದು ಪೊಳ್ಳು ಮಾತಲ್ಲ. ಪಂಚರ್ ಅಂಟಿನ ವಾಸನೆ ಎಳೆದು ಕಣ್ಣು ಕೆಂಪಗೆ ಮಾಡಿಕೊಂಡು ಬರುವವರು ಇದ್ದಾರೆ. ತಂಗುದಾಣ ನಡೆಸುವುದೆಂದರೆ ಅರ್ಧ ಕೆಲಸ ತಿಗಣೆಯೊಡನೆ, ಕಜ್ಜಿಯೊಡನೆ, ಇನ್ನರ್ಧ ಇಂಥ ಜಗಳಗಳೊಡನೆ. ಮೊಬೈಲು ಚಾರ್ಜು ಮಾಡುವ ಪ್ಲಗ್ಗಿಗಾಗಿ ತಲೆ ಒಡೆದುಕೊಂಡವರನ್ನು ಬಿಡಿಸಿದ್ದೇನೆ. ನನ್ನ ಕಟ್ಟಳೆ ಸರಳ: ಯಾವ ಸ್ಥಿತಿಯಲ್ಲಿ ಬಂದರೂ ಮಲಗಬಹುದು; ಸರಕು ಒಳಗೆ ತರುವಂತಿಲ್ಲ; ಇನ್ನೊಬ್ಬನ ಮೈಮುಟ್ಟಿದವನು ಆ ಕ್ಷಣವೇ ಹೊರಗೆ. ಹೀಗೆ ಹೊರಗೆ ಹೋದವರು ಬೆರಳೆಣಿಕೆಯಷ್ಟು. ಆದರೆ ನೆರೆಹೊರೆಯವರನ್ನು ನಾನು ಕೇಳುತ್ತೇನೆ: ಬಾಗಿಲು ಹಾಕಿದರೆ ಆ ಹುಡುಗ ಆವಿಯಾಗಿ ಹೋಗುತ್ತಾನೆಯೆ? ನಿಮ್ಮ ಬೀದಿಯ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ತಾನೆ ಇರುತ್ತಾನೆ? ಒಳಗಿದ್ದರೆ ನನಗೆ ಅವನ ಹೆಸರು ಗೊತ್ತು. ಹೊರಗಿದ್ದರೆ ಯಾರಿಗೂ ಗೊತ್ತಿಲ್ಲ. ನಿಮಗೆ ಯಾವುದು ಕ್ಷೇಮ?

ಗಸ್ತಿನವರ ಮಾತೂ ಇಷ್ಟೇ. ಕೆಲಸ ಮುಗಿಸಿ ಎರಡು ಗಂಟೆಗೆ ನಡೆದು ಬರುವ ಹುಡುಗನ ಜೇಬಿನಲ್ಲಿ ಆರುನೂರು ರೂಪಾಯಿ ಕಂಡರೆ ‘ಎಲ್ಲಿಂದ ಬಂತೋ?’ ಎಂಬ ಪ್ರಶ್ನೆ ಹುಟ್ಟುತ್ತದೆ. ಅದೇ ಹೊತ್ತಿನಲ್ಲಿ ಕಾರಿನಲ್ಲಿ ಹೋಗುವವರ ಜೇಬಿನ ಬಗ್ಗೆ ಇಂಥ ಕುತೂಹಲವಿಲ್ಲ. ಹುಡುಗರಿಗೆ ನಾನೊಂದು ಚೀಟಿ ಬರೆದುಕೊಟ್ಟಿದ್ದೇನೆ: ಇವನು ನಮ್ಮಲ್ಲಿ ತಂಗುವವನು, ಯಾವ ಹೊತ್ತಿಗೆ ಬಂದರೂ ಒಳಗೆ ಬಿಡಲಾಗುವುದು ಎಂದು. ಮೊಹರು ಹಾಕಿದ ಚೀಟಿಗೆ ನಮ್ಮ ದೇಶದಲ್ಲಿ ಮನುಷ್ಯನ ಮಾತಿಗಿಂತ ಬೆಲೆ ಹೆಚ್ಚು; ಕೆಲಸ ಮಾಡುತ್ತದೆ.

ಖರ್ಚು ಯಾರದು ಎಂದು ತೆರಿಗೆದಾರರು ಕೇಳಬಹುದು. ಸ್ವಾಮಿ, ನೀವು ಆಸ್ತಿ ತೆರಿಗೆಯ ಜೊತೆಗೆ ನೂರಕ್ಕೆ ಮೂರರಂತೆ ಭಿಕ್ಷುಕರ ಕರ ಕಟ್ಟುತ್ತಾ ಬಂದಿದ್ದೀರಿ. 1975ರ ಭಿಕ್ಷಾಟನೆ ನಿಷೇಧ ಕಾಯಿದೆಯಿಂದ ಬಂದ ಕರ ಅದು. ಬೇಡುವವನನ್ನು ಹಿಡಿದಿಡಲು ಪ್ರತ್ಯೇಕ ಕರವುಂಟು. ಬೇಡದೆ, ಮೂಟೆ ಹೊತ್ತು, ಎಂಜಲು ತೆಗೆದು ಬದುಕುವವನಿಗೆ ಮಲಗಲು ಒಂದು ಜಾಗ ಕೊಡೋಣವೆಂದರೆ ಅದು ದಂಡದ ಖರ್ಚು!

ಹುಡುಗರು ಪಟ್ಟಣಕ್ಕೆ ಬಂದು ಬೇರೆಯವರ ಸೂರಿನ ಕೆಳಗೆ ಬೆಳೆಯುವುದು ಈ ನಾಡಿಗೆ ಹೊಸದೇನೂ ಅಲ್ಲ. ಗುಬ್ಬಿ ತೋಟದಪ್ಪನವರು 1903ರಲ್ಲಿ ರೈಲು ನಿಲ್ದಾಣದ ಮಗ್ಗುಲಲ್ಲಿ ಧರ್ಮಛತ್ರವನ್ನು ತೆರೆದು, ಜೊತೆಗೆ ವಿದ್ಯಾರ್ಥಿ ನಿಲಯವನ್ನೂ ನಡೆಸಿದಾಗ, ಬಂದವನಿಗೆ ಬಿಟ್ಟಿ ಸೂರು ಕೊಟ್ಟರೆ ಕೆಡುತ್ತಾನೆ ಎಂದುಕೊಂಡಿರಲಿಲ್ಲ. ನಮ್ಮ ಹಿಂದಿನ ತಲೆಮಾರಿನ ಎಷ್ಟು ಜನ ದೊಡ್ಡವರು ವಾರಾನ್ನ ಉಂಡು ಓದಿದವರು! ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಮಲಗುವುದು ಯಾರದೋ ಜಗುಲಿ. ಆತ್ಮಕಥೆಗಳಲ್ಲಿ ಅದನ್ನು ಓದುವಾಗ ನಮ್ಮ ಕಣ್ಣು ಒದ್ದೆಯಾಗುತ್ತದೆ. ಆ ವಾರಾನ್ನ ಜಾತಿಯ ಹೊಸ್ತಿಲು ದಾಟುತ್ತಿರಲಿಲ್ಲ, ಛತ್ರಗಳಲ್ಲಿ ಅನೇಕವೂ ಅಷ್ಟೇ, ಎಂಬುದನ್ನೂ ಹೇಳಲೇಬೇಕು. ಅಂದು ಹೊಸ್ತಿಲ ಹೊರಗೆ ಉಳಿದವರ ಮೊಮ್ಮಕ್ಕಳೇ ಇಂದು ನನ್ನ ಪಡಸಾಲೆಯಲ್ಲಿ ಹೆಚ್ಚಾಗಿ ಮಲಗಿರುವವರು. ಧರ್ಮಾಂಬುಧಿಯೆಂಬ ಕೆರೆಯಿದ್ದ ಅಂಗಳದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಕೆರೆ ಹೋಯಿತು, ಧರ್ಮದ ಹೆಸರಿನ ನೆನಪೂ ಹೋಗಿರಬೇಕು, ಅಲ್ಲಿ ಒರಗಿದ ಹುಡುಗನನ್ನು ಲಾಠಿಯ ತುದಿಯಿಂದ ಎಬ್ಬಿಸುತ್ತಾರೆ.

ನಾನು ಕೇಳುವುದು ಬಹಳವಿಲ್ಲ. ತಂಗುದಾಣದ ಹೆಸರಿನಿಂದ ‘ರಾತ್ರಿ’ ಎಂಬ ಮಾತನ್ನು ತೆಗೆದುಹಾಕಿ, ಮಾರ್ಗಸೂಚಿ ಹೇಳಿದಂತೆ ಹಗಲೂ ರಾತ್ರಿಯೂ ತೆರೆದಿಡಿ. ರಾತ್ರಿಯೆಲ್ಲಾ ದುಡಿದವನು ಹಗಲು ಮಲಗಲಿ. ಹದಿನೆಂಟರಿಂದ ಇಪ್ಪತ್ತಮೂರರವರಿಗೆ ಪ್ರತ್ಯೇಕ ಕೋಣೆ ಕೊಡಿ. ಇದಕ್ಕೆ ಹೊಸ ಕಟ್ಟಡ ಬೇಡ, ಒಂದು ಅಡ್ಡಗೋಡೆ ಸಾಕು. ಅನುಪಾಲನೆಯ ನೆರವನ್ನು ಬಾಲಮಂದಿರದಲ್ಲಿ ಬೆಳೆದವನಿಗೆ ಕೊಡುವಂತೆ ಬೀದಿಯಲ್ಲಿ ಬೆಳೆದವನಿಗೂ ಕೊಡಿ. ಇಷ್ಟು ದಿನವೇ ಇರಬೇಕೆಂದು ಗಡುವು ಹಾಕಬೇಡಿ. ಮುಂಗಡದ ಹಣ ಕೂಡಿದ ದಿನ ಅವನೇ ಹೋಗುತ್ತಾನೆ, ಒಂದು ಗಂಟೆಯೂ ಹೆಚ್ಚಿಗೆ ನಿಲ್ಲುವುದಿಲ್ಲ. ಐವತ್ತು ಜನರ ಗೊರಕೆಯ ನಡುವೆ ಸುಖಕ್ಕಾಗಿ ಮಲಗುವವನನ್ನು ನಾನು ಈವರೆಗೆ ಕಂಡಿಲ್ಲ.

ಕಚೇರಿಯ ಟಿಪ್ಪಣಿಗೆ ಉತ್ತರ ಬರೆದು ಕಳಿಸಿದ್ದೇನೆ. ಹಾಜರಿ ಪುಸ್ತಕದಲ್ಲಿ ಹತ್ತು ಗಂಟೆಯ ಅಂಕಣದ ಪಕ್ಕದಲ್ಲಿ ಕೆಂಪು ಶಾಯಿಯಿಂದ ಗೆರೆಯೆಳೆದು ಇನ್ನೊಂದು ಅಂಕಣ ಮಾಡಿದ್ದೇನೆ: ಬೆಳಗಿನ ಜಾವ ಮೂರು. ನಮೂನೆಯಲ್ಲಿಲ್ಲದ ಅಂಕಣವನ್ನು ಸೇರಿಸಲು ಅನುಮತಿಯಿತ್ತೇ ಎಂದು ಈಗ ಇನ್ನೊಂದು ಟಿಪ್ಪಣಿ ಬಂದಿದೆ. ಅದಕ್ಕೂ ಉತ್ತರ ಬರೆಯುತ್ತಿದ್ದೇನೆ. ತನಿಖೆಗೆ ಬರುವ ಅಧಿಕಾರಿಗಳು ದಯಮಾಡಿ ಆ ಹೊತ್ತಿಗೇ ಬರಬೇಕು. ಗೇಟಿನ ಬಳಿ ದೀಪವಿರುತ್ತದೆ. ಬಾಗಿಲು ತಟ್ಟಬೇಕಾಗಿಲ್ಲ, ತೆರೆದೇ ಇರುತ್ತದೆ; ಮಲಗಿದವರ ಕಾಲು ತುಳಿಯದಂತೆ ಗೋಡೆಯ ಪಕ್ಕದಿಂದ ಬರಬೇಕು. ಚಪ್ಪಲಿಯನ್ನು ಮಾತ್ರ ಹೊರಗೆ ಬಿಡದೆ ಕೈಯಲ್ಲಿ ಹಿಡಿದು ಬರುವುದು ಒಳ್ಳೆಯದು.